ವೀಟಿ ನಿಲ್ದಾಣ ಲಂಡನ್ನಿನ ನಕಲೇ? ಅದರಡಿ ನಲವತ್ತು ವರ್ಷ ನಡೆದವನ ಪ್ರಶ್ನೆ

ಡೊಂಬಿವಲಿ ನಿವಾಸಿ

ನಾನು 1974ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವನು. ಹಗಲು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದು, ಸಂಜೆಯ ನಂತರ ಕನ್ನಡ ರಾತ್ರಿ ಶಾಲೆ. ಮುಂದೆ ಬ್ಯಾಂಕಿನಲ್ಲಿ ಗುಮಾಸ್ತನಾದೆ, ಡೊಂಬಿವಲಿಯಲ್ಲಿ ಮನೆ ಮಾಡಿದೆ, ನಿವೃತ್ತಿಯವರೆಗೂ ದಿನಕ್ಕೆ ಎರಡು ಸಲ ವೀಟಿಯ, ಅಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ ಒಳಗಿನಿಂದ ಹಾದುಹೋದೆ. ಹೆಸರು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ‘ಮಹಾರಾಜ್’ ಸೇರಿತು. ನಮ್ಮ ಓರಗೆಯವರ ಬಾಯಲ್ಲಿ ಮಾತ್ರ ಅದು ವೀಟಿಯಾಗಿಯೇ ಉಳಿದಿದೆ, ಕ್ಷಮೆ ಇರಲಿ.

ಇಷ್ಟು ವರ್ಷ ಓಡಾಡಿದವನು ಅದನ್ನು ನೋಡಿದ್ದು ಮೊನ್ನೆ. ಮೊಮ್ಮಗಳ ಶಾಲೆಯಲ್ಲಿ ‘ನಮ್ಮ ಊರಿನ ಒಂದು ಪಾರಂಪರಿಕ ಕಟ್ಟಡ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳ ಕೈ ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ, ಮಹಾನಗರ ಪಾಲಿಕೆಯ ಕಟ್ಟಡದ ಕಡೆಗೆ ಹೋಗಿ ನಿಂತೆ. ಗುಮ್ಮಟದ ತುದಿಯಲ್ಲಿ ಒಬ್ಬ ಹೆಂಗಸಿದ್ದಾಳೆ, ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದು ಕೈಯಲ್ಲಿ ಚಕ್ರ. ‘ಪ್ರಗತಿ’ ಎಂದು ಅವಳ ಹೆಸರಂತೆ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಮೊಮ್ಮಗಳು ಕೇಳಿದಳು, “ಅಜ್ಜ, ಇವೆರಡೂ ಜಗಳ ಆಡುವುದಿಲ್ಲವಾ?” ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಟಿಕೆಟ್ ಕೊಡುವ ಸಭಾಂಗಣಕ್ಕೆ ಬಂದೆವು. ಉತ್ತರದ ಪಾರ್ಶ್ವದಲ್ಲಿರುವ ಅದಕ್ಕೆ ಸ್ಟಾರ್ ಚೇಂಬರ್ ಎಂದು ಹೆಸರು. ತಿಂಗಳ ಪಾಸಿಗಾಗಿ ಅಲ್ಲಿ ಎಷ್ಟು ಸಲ ಸಾಲಿನಲ್ಲಿ ನಿಂತಿದ್ದೇನೋ, ಮುಂದಿನವನ ಬೆನ್ನು ಬಿಟ್ಟು ಬೇರೇನನ್ನೂ ಕಂಡವನಲ್ಲ. ಮೇಲೆ ನೋಡಿದರೆ ಛಾವಣಿಯ ತುಂಬ ನಕ್ಷತ್ರಗಳು! ಸುತ್ತ ಇಟಲಿಯ ಅಮೃತಶಿಲೆ, ನಯಮಾಡಿದ ನಮ್ಮದೇ ನೀಲಿ ಕಲ್ಲು, ಕಮಾನುಗಳಲ್ಲಿ ಎಲೆ ಬಳ್ಳಿ, ನಡುನಡುವೆ ಹಲ್ಲು ಕಿರಿಯುವ ವಿಕಾರ ಮುಖಗಳು.

ಮನೆಗೆ ಬಂದು ಈ ಸಂಭ್ರಮವನ್ನು ಹೇಳಿದರೆ ಪಕ್ಕದ ಮನೆಯವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: “ಅದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ನಕಲು.” ಹೌದೇ? ತಿಳಿದವರು ಹೇಳಬೇಕು.

ಗದಗಿನ ಗಾಡಿ

ರಾಯರೇ, ಗದಗ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಬೆಳಗಿನ ನಿದ್ದೆಗಣ್ಣಿನಲ್ಲಿ ಅಲ್ಲಿ ಇಳಿಯುವ ನಮಗೆ ಕಾಣುವುದು ಕೂಲಿಗಳು, ಟ್ಯಾಕ್ಸಿಯವರು, ಚಹಾದ ಅಂಗಡಿ. ನೀವಾದರೂ ನಲವತ್ತು ವರ್ಷಕ್ಕೆ ನೋಡಿದಿರಿ.

ನಕಲೋ ಅಸಲೋ ನಾನು ಅರಿಯೆ. ಆದರೆ ಇದನ್ನು ಕಟ್ಟಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬಾತನಿಗೆ 16 ಲಕ್ಷ ರೂಪಾಯಿ ಸಂಬಳ ಕೊಟ್ಟಿದ್ದರಂತೆ. ಆ ಕಾಲದಲ್ಲಿ! ಅಷ್ಟು ದುಡ್ಡು ತೆಗೆದುಕೊಂಡು ನಕಲು ಮಾಡಿದ್ದರೆ ಕೇಳುವವರೇ ಇರಲಿಲ್ಲವೇ?

ಕಲ್ಲಿನ ಮೇಷ್ಟ್ರು

ಆ ಲೆಕ್ಕ ಅಂತರ್ಜಾಲದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬಂದ ತಪ್ಪು. 16 ಲಕ್ಷ ರೂಪಾಯಿ ಚಿಲ್ಲರೆ ಎಂಬುದು ಇಡೀ ಕಟ್ಟಡಕ್ಕೆ ಆದ ಖರ್ಚು, ವಾಸ್ತುಶಿಲ್ಪಿಯ ಸಂಭಾವನೆ ಅಲ್ಲ. ಒಬ್ಬ ಮನುಷ್ಯನಿಗೆ ಅಷ್ಟು ಕೊಟ್ಟಿದ್ದರೆ ಕಲ್ಲಿಗೆ ಏನು ಉಳಿಯುತ್ತಿತ್ತು?

ಸ್ಟೀವನ್ಸ್ 1847ರಲ್ಲಿ ಹುಟ್ಟಿದವನು, ಇಪ್ಪತ್ತರ ವಯಸ್ಸಿನಲ್ಲಿ ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆಂದು ಭಾರತಕ್ಕೆ ಬಂದ. 1877ರಲ್ಲಿ ಸರ್ಕಾರ ಅವನನ್ನು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗೆ ಎರವಲು ಕೊಟ್ಟಿತು. ಅವನು ಯುರೋಪಿಗೆ ಹೋಗಿ ಅಲ್ಲಿನ ದೊಡ್ಡ ನಿಲ್ದಾಣಗಳನ್ನು ನೋಡಿಕೊಂಡು ಬಂದು ನಕ್ಷೆ ಮಾಡಿದ. 1878ರಲ್ಲಿ ಕೆಲಸ ಶುರುವಾಗಿ 1888ರಲ್ಲಿ ಮುಗಿಯಿತು. ಪೂರ್ತಿ ಆಗುವ ಮೊದಲೇ, 1887ರಲ್ಲಿ ರಾಣಿ ವಿಕ್ಟೋರಿಯಾ ಸಿಂಹಾಸನವೇರಿದ್ದರ ಸುವರ್ಣ ಮಹೋತ್ಸವ ಬಂತಲ್ಲ, ಆಗ ಅವಳ ಹೆಸರಿಟ್ಟರು. ರಾಯರು ಬೆನ್ನು ಕೊಟ್ಟು ನಿಂತಿದ್ದರಲ್ಲ, ಆ ಪಾಲಿಕೆ ಕಟ್ಟಡವೂ ಸ್ಟೀವನ್ಸನದೇ, 1893ರದು. ಚರ್ಚ್‌ಗೇಟ್‌ನಲ್ಲಿ ಪಶ್ಚಿಮ ರೈಲ್ವೆಯ ಮುಖ್ಯ ಕಚೇರಿ ಇರುವ ಕಟ್ಟಡವೂ ಅವನದೇ. 1900ರಲ್ಲಿ ಮಲೇರಿಯಾದಿಂದ ಇಲ್ಲಿಯೇ ಸತ್ತ.

ಥೇಮ್ಸ್ ದಂಡೆಯವಳು

ನಾನು ಸೇಂಟ್ ಪ್ಯಾಂಕ್ರಾಸ್‌ನ ಹತ್ತಿರವೇ ಕೆಲಸ ಮಾಡುತ್ತೇನೆ; ಮದುವೆಗೆ ಮುಂಚೆ ಮುಲುಂಡಿನಲ್ಲಿದ್ದೆ. ಎರಡೂ ನಿಲ್ದಾಣಗಳಲ್ಲಿ ಗಾಡಿ ತಪ್ಪಿಸಿಕೊಂಡ ಅನುಭವ ಇರುವುದರಿಂದ ಮಾತನಾಡುವ ಹಕ್ಕಿದೆ ಎಂದುಕೊಳ್ಳುತ್ತೇನೆ.

ಹೋಲಿಕೆ ಖಂಡಿತ ಇದೆ. ಮೊನಚು ಕಮಾನುಗಳು, ಗೋಪುರಗಳು, ಬಣ್ಣಬಣ್ಣದ ಕಲ್ಲು ಬೆರೆಸುವ ರೀತಿ ಎಲ್ಲ ಒಂದೇ ಮನೆತನದ್ದು. ಆ ಕಾಲದ ಇಂಗ್ಲಿಷರು ಇಟಲಿಯ ಮಧ್ಯಯುಗದ, ಗಾಥಿಕ್ ಎಂಬ ಮೊನಚು ಕಮಾನಿನ ಶೈಲಿಯ ಕಟ್ಟಡಗಳ ಹುಚ್ಚು ಹತ್ತಿಸಿಕೊಂಡಿದ್ದರು. ಸ್ಟೀವನ್ಸ್ ಸೇಂಟ್ ಪ್ಯಾಂಕ್ರಾಸ್ ನೋಡಿ ಕಲಿತಿದ್ದಾನೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅಕ್ಕತಂಗಿಯರಿಗೆ ಒಂದೇ ಮೂಗಿದ್ದರೆ ಒಬ್ಬಳನ್ನು ಇನ್ನೊಬ್ಬಳ ನಕಲು ಎನ್ನುತ್ತೇವೆಯೇ?

ಸೇಂಟ್ ಪ್ಯಾಂಕ್ರಾಸ್ ಎಂದರೆ ಎರಡು ಕಟ್ಟಡ, ಎರಡು ತಲೆ. ಹಿಂದಿರುವ ಗಾಡಿ ನಿಲ್ಲುವ ಚಪ್ಪರ ವಿಲಿಯಂ ಹೆನ್ರಿ ಬಾರ್ಲೋ ಎಂಬ ಎಂಜಿನಿಯರನದು. 1868ರಲ್ಲಿ ತೆರೆದಾಗ ನಡುವೆ ಒಂದೂ ಕಂಬವಿಲ್ಲದೆ 74 ಮೀಟರ್ ಅಗಲವನ್ನು ಒಂದೇ ಕಬ್ಬಿಣದ ಕಮಾನಿನಲ್ಲಿ ದಾಟಿಸಿದ್ದ. ಅಂಥದ್ದು ಆಗ ಜಗತ್ತಿನಲ್ಲೇ ಇರಲಿಲ್ಲ. ಮುಂದಿರುವ ಕೆಂಪು ಇಟ್ಟಿಗೆಯ ಅರಮನೆಯಂಥದ್ದು ಹೋಟೆಲು, ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನದು, 1873ರಲ್ಲಿ ಬಾಗಿಲು ತೆರೆಯಿತು.

ತಮಾಷೆಯ ಸಂಗತಿ ಒಂದಿದೆ. ಹಳಿಗಳು ರಸ್ತೆಗಿಂತ ಎತ್ತರದಲ್ಲಿವೆ, ಏಕೆಂದರೆ ಗಾಡಿ ನಿಲ್ದಾಣಕ್ಕೆ ಬರುವ ಮುಂಚೆ ಒಂದು ಕಾಲುವೆಯನ್ನು ಮೇಲಿನಿಂದ ದಾಟಬೇಕು. ಹಳಿಗಳ ಕೆಳಗೆ ಉಳಿದ ಜಾಗವನ್ನು ಬರ್ಟನ್ ಊರಿನ ಬಿಯರ್ ಪೀಪಾಯಿ ಇಡಲು ಕೊಟ್ಟರು. ಅಲ್ಲಿನ ಕಂಬಗಳ ನಡುವಿನ ಅಂತರವನ್ನು ಗೊತ್ತುಮಾಡಿದ್ದು ಪೀಪಾಯಿಯ ಅಳತೆ! ಇವತ್ತು ಪ್ಯಾರಿಸ್ಸಿಗೆ ಹೋಗುವವರು ಪಾಸ್‌ಪೋರ್ಟ್ ಹಿಡಿದು ಸಾಲು ನಿಲ್ಲುವುದು ಅದೇ ನೆಲಮಾಳಿಗೆಯಲ್ಲಿ.

ವೀಟಿಯಲ್ಲಿ ಎದುರಿಗಿರುವುದು ಹೋಟೆಲಲ್ಲ, ರೈಲ್ವೆ ಕಂಪನಿಯ ಮುಖ್ಯ ಕಚೇರಿ. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಗುಮ್ಮಟವೇ ಇಲ್ಲ. ಅಲ್ಲಿನ ಹೆಮ್ಮೆ ಚಪ್ಪರ, ಇಲ್ಲಿನ ಹೆಮ್ಮೆ ಕಚೇರಿ. ಇನ್ನೊಂದು ವಿಷಯ: ಸ್ಕಾಟ್ ಭಾರತಕ್ಕೆ ಕಾಲಿಡಲಿಲ್ಲ. ಆದರೂ ವೀಟಿಯಿಂದ ನಡೆದುಹೋಗುವಷ್ಟು ದೂರದಲ್ಲಿರುವ ರಾಜಾಬಾಯಿ ಗೋಪುರದ ನಕ್ಷೆ ಅವನದೇ. ಲಂಡನ್ನಿನ ಮೂಲವನ್ನು ಹುಡುಕುವ ನಿಮ್ಮ ಪಕ್ಕದ ಮನೆಯವರಿಗೆ ಅದನ್ನು ತೋರಿಸಿ.

ಕಲ್ಲಿನ ಮೇಷ್ಟ್ರು

ತಾಯಿ, ಸರಿಯಾಗಿ ಹೇಳಿದಿರಿ. ಗುಮ್ಮಟದ ಮಾತು ಎತ್ತಿದಿರಿ, ವಿಜಯಪುರದಲ್ಲಿ ಹುಟ್ಟಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡಿದವನನ್ನು ಇನ್ನು ತಡೆಯುವವರಿಲ್ಲ.

ಗಾಥಿಕ್ ಕಟ್ಟಡಕ್ಕೆ ಗುಮ್ಮಟ ಕೂರಿಸುವುದು ಸಾಮಾನ್ಯ ಪದ್ಧತಿಯಲ್ಲ. ಸ್ಟೀವನ್ಸ್ ಕೂರಿಸಿದ. ಅದೂ ಎಂಟು ಮೂಲೆಯದು, ಕಲ್ಲಿನ ಪಕ್ಕೆಲುಬುಗಳಿರುವುದು. ನಮ್ಮಲ್ಲಿ ಮನೆಗೆ ಆರ್‌ಸಿಸಿ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಮಾಡುತ್ತಾರಲ್ಲ, ಕಲ್ಲಿನ ಕಮಾನಿಗೂ ಗುಮ್ಮಟಕ್ಕೂ ಅಂಥದ್ದೇ ಮರದ ಆಸರೆ ಬೇಕು. ಕೊನೆಯ ಕಲ್ಲು ಕೂರುವವರೆಗೆ ಅದು ತಾನಾಗಿ ನಿಲ್ಲದು. ವೀಟಿಯ ಗುಮ್ಮಟವನ್ನು ಸೆಂಟ್ರಿಂಗ್ ಇಲ್ಲದೆ ಕಟ್ಟಿದರು. ಬಡಗಿ ಪೆಟ್ಟಿಗೆಯ ಮೂಲೆ ಸೇರಿಸುವಾಗ ಹಲ್ಲಿಗೆ ಹಲ್ಲು ಕಚ್ಚಿಸುತ್ತಾನೆ, ಹಾಗೆ ಪಕ್ಕೆಲುಬಿನ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿಕೊಂಡು ಮೇಲೇರಿದರು. ಆ ಕಾಲಕ್ಕೆ ಅದು ಹೊಸ ಸಾಧನೆ.

ನಮ್ಮ ಗೋಲಗುಮ್ಮಟದ ಮುಂದೆ ಇದು ಮಗು, ಒಪ್ಪುತ್ತೇನೆ. ಒಳಗೆ 38 ಮೀಟರ್ ವ್ಯಾಸ ಎಲ್ಲಿ, ಇದೆಲ್ಲಿ! ಆದರೆ ಅಲ್ಲಿ ಗುಮ್ಮಟವೇ ಎಲ್ಲ, ಗೋಡೆಗಳು ಅದನ್ನು ಹೊರಲು ನಿಂತ ಜಟ್ಟಿಗಳು. ಇಲ್ಲಿ ಗುಮ್ಮಟದ ಕೆಳಗಿರುವುದು ಒಂದು ಮೆಟ್ಟಿಲು. ಆ ಮೆಟ್ಟಿಲು ನೋಡಿಯೇ ನಾನು ಸೋತೆ. ಪ್ರತಿ ಹಂತದ ಕಲ್ಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿಗೆ ಕೆಳಗೆ ಆಧಾರವಿಲ್ಲ. ಅದನ್ನು ಹತ್ತಿ ನೂರಾರು ಗುಮಾಸ್ತರು ಫೈಲು ಹೊತ್ತುಕೊಂಡು ಹೋಗಿದ್ದಾರೆ.

ಕುಮಟೆ ಹತ್ತಿ

ನಾನು ಧಾರವಾಡದವನು. ಎಲ್ಲರೂ ಕಮಾನು, ಗುಮ್ಮಟ ಎಂದು ಮೈಮರೆತಿರುವಾಗ ಒಂದು ಅಪಸ್ವರ ತೆಗೆಯುತ್ತೇನೆ, ಬೇಸರ ಬೇಡ.

ಇದು ಯಾರ ದುಡ್ಡು? 1849ರ ಕರಾರಿನಲ್ಲಿ ಈ ಕಂಪನಿಯ ಬಂಡವಾಳಕ್ಕೆ ನೂರಕ್ಕೆ 5ರಂತೆ ಲಾಭದ ಖಾತರಿ ಕೊಟ್ಟಿದ್ದರು. ಗಾಡಿ ಓಡಿ ಅಷ್ಟು ಹುಟ್ಟದಿದ್ದರೆ ಭಾರತದ ಕಂದಾಯದಿಂದ ತುಂಬಿಕೊಡಬೇಕು. ಲಂಡನ್ನಿನಲ್ಲಿ ಷೇರು ಕೊಂಡವನಿಗೆ ನಷ್ಟದ ಭಯವೇ ಇಲ್ಲ, ತೆರಿಗೆ ಕೊಟ್ಟವನು ನಮ್ಮ ಮುತ್ತಜ್ಜ. ಹಳಿ ಹಾಕಿದ್ದು ಯಾತ್ರೆಗೆ ಹೋಗುವವರ ಅನುಕೂಲಕ್ಕಲ್ಲ, ಒಳನಾಡಿನ ಹತ್ತಿಯನ್ನು ಬಂದರಿಗೆ ಎಳೆದುಕೊಂಡು ಹೋಗಲು. ನನ್ನ ಹೆಸರಿನ ಅರ್ಥ ಕೇಳಿದವರಿಗೆ: ಧಾರವಾಡದ ಸೀಮೆಯಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿತ್ತು, ಅಲ್ಲಿನ ಪೇಟೆಯಲ್ಲಿ ಅದನ್ನು ಬೆಳೆದ ನೆಲದ ಹೆಸರಿನಿಂದ ಕರೆಯದೆ ಕುಮಟೆ ಹತ್ತಿ ಎಂದರು. ಕಟ್ಟಡದ ಮುಂಭಾಗದಲ್ಲಿ ಕೃಷಿ, ವಾಣಿಜ್ಯ, ಎಂಜಿನಿಯರಿಂಗ್ ಎಂದು ಮೂರ್ತಿಗಳನ್ನು ನಿಲ್ಲಿಸಿದ್ದಾರೆ. ಕೃಷಿ ಮಾಡಿದವನಿಗೆ ಏನು ಸಿಕ್ಕಿತು ಎಂದು ಆ ಮೂರ್ತಿ ಹೇಳುವುದಿಲ್ಲ.

ಡೊಂಬಿವಲಿ ನಿವಾಸಿ

ಬೇಸರವೇಕೆ, ಹೇಳಬೇಕಾದ್ದೇ ಅದು. ಮುಂಭಾಗದ ಗೋಡೆಯಲ್ಲಿ ಕಂಪನಿಯ ನಿರ್ದೇಶಕರ ಮುಖಗಳನ್ನು ಕೆತ್ತಿದ್ದಾರೆ. ಅವರ ಜೊತೆಗೆ ಇಬ್ಬರು ನಮ್ಮವರು, ಬೊಂಬಾಯಿಯ ವರ್ತಕರಾದ ಜಮ್‌ಸೇಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟ್. ಬೇರೆ ಬೇರೆ ಪೇಟ, ಮುಂಡಾಸು ತೊಟ್ಟ ಸಮುದಾಯಗಳ ಮುಖಗಳೂ ಇವೆ, ಆದರೆ ಅವಕ್ಕೆ ಹೆಸರಿಲ್ಲ. ದುಡ್ಡು ಹಾಕಿದವರಿಗೆ ಹೆಸರು, ಉಳಿದವರಿಗೆ ಪೇಟ.

ರಾಯಚೂರು ಜಂಕ್ಷನ್

ಕುಮಟೆ ಹತ್ತಿಯವರು ಹೇಳಿದ್ದು ಪೂರ್ತಿ ನಿಜ. ಆದರೂ ಒಂದು ಮಾತು. ಈ ಕಂಪನಿಯ ಹಳಿ ಕಲಬುರಗಿ, ವಾಡಿ ದಾಟಿ ನಮ್ಮೂರಿಗೆ ಬಂದು 1871ರಲ್ಲಿ ಮದ್ರಾಸಿನ ಕಡೆಯ ಹಳಿಯನ್ನು ಕೂಡಿಕೊಂಡಿತು. ಬೊಂಬಾಯಿ, ಮದ್ರಾಸು ಎರಡೂ ಕೈ ಕುಲುಕಿದ್ದು ರಾಯಚೂರಿನಲ್ಲಿ! ಆಗ ಈ ಮಹಲು ಇನ್ನೂ ಕಾಗದದ ಮೇಲೂ ಇರಲಿಲ್ಲ. 1853ರ ಏಪ್ರಿಲ್ 16ರಂದು ಠಾಣೆಗೆ ಮೊದಲ ಗಾಡಿ ಹೊರಟಿದ್ದು ಬೋರಿಬಂದರಿನ ಹಳೆಯ ನಿಲ್ದಾಣದಿಂದ. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು, 14 ಡಬ್ಬಿಗಳು, ಸುಮಾರು 400 ಅತಿಥಿಗಳು, 34 ಕಿಲೋಮೀಟರು. ‘ವೀಟಿಯಿಂದ ದೇಶದ ಮೊದಲ ರೈಲು ಹೊರಟಿತು’ ಎಂದು ಬರೆಯುವವರು ಈ ಮೂವತ್ತೈದು ವರ್ಷದ ಅಂತರವನ್ನು ಮರೆಯುತ್ತಾರೆ. ಮೊಮ್ಮಗಳ ಪ್ರಾಜೆಕ್ಟಿನಲ್ಲಿ ಆ ತಪ್ಪು ನುಸುಳದಿರಲಿ. ಮೊದಲ ವಿದ್ಯುತ್ ರೈಲು ಮಾತ್ರ ನಿಜಕ್ಕೂ ವೀಟಿಯಿಂದಲೇ ಹೊರಟಿದ್ದು, 1925ರ ಫೆಬ್ರುವರಿ 3ರಂದು, ಕುರ್ಲಾದ ಕಡೆಗೆ.

ಸುಣ್ಣದ ಗಾರೆ

ನಮಸ್ಕಾರ. ನಾನು ಹಳೆಯ ಕಟ್ಟಡಗಳ ಸಂರಕ್ಷಣೆ ಓದುತ್ತಿರುವ ವಿದ್ಯಾರ್ಥಿನಿ. ಯಾರೂ ಕೆತ್ತಿದವರ ಮಾತು ಎತ್ತಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಗುಮ್ಮಟದ ಮೇಲಿನ ‘ಪ್ರಗತಿ’, ಸಿಂಹ, ಹುಲಿ ಇವು ಥಾಮಸ್ ಅರ್ಪ್ ಎಂಬ ಇಂಗ್ಲಿಷ್ ಶಿಲ್ಪಿಯವು. ಆದರೆ ಕಣ್ಣಳತೆಯ ಎತ್ತರದಿಂದ ಮೇಲಕ್ಕೆ ಕಾಣುವ ಎಲೆ, ಹೂವು, ನವಿಲು, ಕೋತಿ, ಮಳೆನೀರು ಉಗುಳುವ ಪ್ರಾಣಿಗಳು ಬಹುಪಾಲು ಬೊಂಬಾಯಿಯ ಕಲಾಶಾಲೆಯ, ಅಂದರೆ ಈಗಿನ ಸರ್ ಜೆ.ಜೆ. ಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಮೇಲ್ವಿಚಾರಣೆ ಜಾನ್ ಗ್ರಿಫಿತ್ಸ್ ಅವರದು. ಇದನ್ನು ಅದೇ ಶಾಲೆಯಲ್ಲಿ ಮೊದಲು ಪಾಠ ಮಾಡುತ್ತಿದ್ದ ಲಾಕ್‌ವುಡ್ ಕಿಪ್ಲಿಂಗ್ ಮಾಡಿಸಿದರು ಎಂದು ಪ್ರವಾಸಿ ಮಾರ್ಗದರ್ಶಕರು ಹೇಳುವುದನ್ನು ಕೇಳಿದ್ದೇನೆ. ಅವರು 1875ರಲ್ಲೇ ಲಾಹೋರಿಗೆ ಹೋಗಿಯಾಗಿತ್ತು, ಇಲ್ಲಿ ಅಡಿಪಾಯ ಅಗೆದದ್ದು ಆಮೇಲೆ.

ಇನ್ನು ಕಟ್ಟುವ ಕೆಲಸದಲ್ಲಿ ಸ್ಟೀವನ್ಸನ ಜೊತೆಗಿದ್ದವರು ಸಹಾಯಕ ಎಂಜಿನಿಯರ್ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಮೇಲ್ವಿಚಾರಕ ಎಂ. ಎಂ. ಜನಾರ್ದನ. ಹತ್ತು ವರ್ಷ ಬಿಸಿಲಿನಲ್ಲಿ ನಿಂತು ಕಲ್ಲಿಗೆ ಕಲ್ಲು ಕೂಡಿಸಿದ್ದನ್ನು ನೋಡಿಕೊಂಡವರು ಇವರು. ಪ್ರವಾಸಿ ಪುಸ್ತಿಕೆಗಳಲ್ಲಿ ಈ ಹೆಸರುಗಳನ್ನು ಹುಡುಕಿ ನೋಡಿ.

ನಕಲಿನ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ. ಲಂಡನ್ನಿನ ಕಟ್ಟಡಕ್ಕೆ ಬೇಕಾದದ್ದು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದು, ಮುಂಬಯಿಗೆ ಬೇಕಾದದ್ದು ಅದನ್ನು ಹೊರಗೆ ನಿಲ್ಲಿಸುವುದು. ವೀಟಿಯ ಮುಂಭಾಗದ ಕಮಾನುಗಳ ಹಿಂದೆ ಆಳವಾದ ಜಗಲಿಗಳಿವೆ. ಜೂನ್‌ನ ಮಳೆ ಅಡ್ಡಡ್ಡ ಹೊಡೆದರೂ ಕೋಣೆಯೊಳಗೆ ಎರಚಲು ಬರುವುದಿಲ್ಲ. ಛಾವಣಿ ಎತ್ತರ, ಕಿಟಕಿ ಎದುರುಬದುರು, ಸಮುದ್ರದ ಗಾಳಿ ಆಡುತ್ತದೆ. ದೂರದಿಂದ ನೋಡಿದರೆ ಗೋಪುರ, ಕಳಶಗಳ ಸಾಲು ನಮ್ಮ ಅರಮನೆಗಳ ಶಿರೋರೇಖೆಯ ಹಾಗೆ ಕಾಣುತ್ತದೆ. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎತ್ತಿ ಹೇಳಿದ್ದೂ ಈ ಎರಡು ಪರಂಪರೆಗಳ ಬೆರಕೆಯನ್ನೇ.

ಗದಗಿನ ಗಾಡಿ

ತಂಗಿ, ಹೆಸರು ಚೆನ್ನಾಗಿಟ್ಟುಕೊಂಡಿದ್ದೀರಿ. ಸುಣ್ಣದ ಗಾರೆಗೂ ಸಿಮೆಂಟಿಗೂ ಏನು ಜಗಳ? ನಮ್ಮ ಊರಿನ ಹಳೆಯ ಗುಡಿಗೆ ಊರವರೆಲ್ಲ ಸೇರಿ ಸಿಮೆಂಟು ಮೆತ್ತಿ ‘ಗಟ್ಟಿ’ ಮಾಡಿದ್ದೇವೆ.

ಸುಣ್ಣದ ಗಾರೆ

ಅಣ್ಣಾ, ಆ ಗುಡಿಯ ದೇವರೇ ಕಾಪಾಡಬೇಕು. ಕಲ್ಲು ಉಸಿರಾಡುತ್ತದೆ. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಂದಿನಲ್ಲಿ ಸುಣ್ಣವಿದ್ದರೆ ನೀರು ಸುಣ್ಣದ ಮೂಲಕ ಹೊರಗೆ ಹೋಗುತ್ತದೆ, ಸವೆದರೆ ಸುಣ್ಣ ಸವೆಯುತ್ತದೆ, ಮತ್ತೆ ತುಂಬಬಹುದು. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ನೀರು, ಅದರೊಳಗಿನ ಉಪ್ಪು ಕಲ್ಲಿನ ಮೈಯಿಂದಲೇ ಹೊರಬರಬೇಕಾಗುತ್ತದೆ, ಆಗ ಕಲ್ಲು ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ. ಪೋರಬಂದರಿನ ಸುಣ್ಣಕಲ್ಲು ಕೆತ್ತಲು ಬೆಣ್ಣೆ, ಅದಕ್ಕೇ ಕುಸುರಿಗೆ ಅದನ್ನು ಬಳಸಿದರು. ಮುಂಬಯಿಯ ಹೊಗೆ ಬೆರೆತ ಮಳೆಗೂ ಅದು ಬೆಣ್ಣೆಯೇ. ಇದರ ಮೇಲೆ ಅಶ್ವತ್ಥದ ಬೀಜ. ಕಾಗೆ ತಂದು ಸಂದಿನಲ್ಲಿ ಉದುರಿಸುತ್ತದೆ, ಎರಡು ಮಳೆಗಾಲ ಯಾರೂ ನೋಡದಿದ್ದರೆ ಬೇರು ಕಲ್ಲನ್ನು ಸರಿಸುತ್ತದೆ. ಸಂರಕ್ಷಣೆ ಎಂದರೆ ಹೆಚ್ಚಿನ ಪಾಲು ಕಳೆ ಕೀಳುವುದು, ಮಳೆನೀರಿನ ದಾರಿ ತೆರವು ಮಾಡುವುದು. ರಾತ್ರಿ ಹಸಿರು, ನೇರಳೆ ದೀಪ ಬಿಟ್ಟು ಮದುವೆಮನೆ ಮಾಡುವುದಲ್ಲ. ಇದು ನನ್ನ ಸ್ವಂತ ಅಭಿಪ್ರಾಯ.

ಥೇಮ್ಸ್ ದಂಡೆಯವಳು

ಆ ದೀಪದ ವಿಷಯದಲ್ಲಿ ನನ್ನದೊಂದು ಮತ ಸೇರಿಸಿಕೊಳ್ಳಿ.

ಇಲ್ಲಿಯ ಕಥೆ ಕೇಳಿ. ಸೇಂಟ್ ಪ್ಯಾಂಕ್ರಾಸ್‌ನ ಹೋಟೆಲು 1935ರಲ್ಲಿ ಮುಚ್ಚಿತು. ಕೋಣೆಕೋಣೆಗೂ ಸ್ನಾನದ ಮನೆ ಇಲ್ಲದ ಹೋಟೆಲಿಗೆ ಹೊಸ ಕಾಲದಲ್ಲಿ ಯಾರು ಬರುತ್ತಾರೆ? ಆಮೇಲೆ ರೈಲ್ವೆ ಕಚೇರಿ, ಆಮೇಲೆ ಬರಿದು. 1960ರ ದಶಕದಲ್ಲಿ ಇಡೀ ನಿಲ್ದಾಣವನ್ನೇ ಕೆಡವುವ ಮಾತು ಎದ್ದಿತು. ಅಷ್ಟರಲ್ಲಿ ಪಕ್ಕದ ಯೂಸ್ಟನ್ ನಿಲ್ದಾಣದ ಕಲ್ಲಿನ ಮಹಾದ್ವಾರವನ್ನು ಕೆಡವಿಯಾಗಿತ್ತು, ಅದರ ನೋವು ಹಸಿಯಾಗಿತ್ತು. ಕವಿ ಜಾನ್ ಬೆಟ್‌ಜಮನ್ ಮೊದಲಾದವರು ಗದ್ದಲ ಮಾಡಿದರು, 1967ರಲ್ಲಿ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿತು. ಆದರೆ ರಕ್ಷಣೆಯ ಪತ್ರ ಸಿಕ್ಕ ಮಾತ್ರಕ್ಕೆ ಮಾಳಿಗೆ ಸೋರುವುದು ನಿಲ್ಲುತ್ತದೆಯೇ? 2007ರಲ್ಲಿ ಯುರೋಸ್ಟಾರ್ ಗಾಡಿಗಳು ಇಲ್ಲಿಗೆ ಬಂದ ಮೇಲೆಯೇ ಅದಕ್ಕೆ ಜೀವ ಬಂದದ್ದು, ಹೋಟೆಲು ಮತ್ತೆ ತೆರೆದದ್ದು 2011ರಲ್ಲಿ.

ನಡುವೆ ಗಡಿಯಾರದ ಪ್ರಸಂಗ. ಚಪ್ಪರದೊಳಗಿನ ದೊಡ್ಡ ಗಡಿಯಾರವನ್ನು 1970ರ ದಶಕದಲ್ಲಿ ಅಮೆರಿಕದ ಒಬ್ಬರಿಗೆ ಮಾರಿದರು. ಇಳಿಸುವಾಗ ಕೈಜಾರಿ ಚೂರುಚೂರಾಯಿತು. ಒಬ್ಬ ರೈಲ್ವೆ ನೌಕರ 25 ಪೌಂಡು ಕೊಟ್ಟು ಆ ಚೂರುಗಳನ್ನು ಕೊಂಡು, ಊರಿಗೆ ಹೊತ್ತೊಯ್ದು, ತನ್ನ ಕೊಟ್ಟಿಗೆಯ ಗೋಡೆಗೆ ಜೋಡಿಸಿ ನಿಲ್ಲಿಸಿದ. ನಿಲ್ದಾಣದಲ್ಲಿ ಈಗಿರುವುದು ಅದರ ಪ್ರತಿಕೃತಿ. ನಕಲು ಹುಡುಕುವವರು ಇಲ್ಲಿಗೆ ಬನ್ನಿ!

ಡೊಂಬಿವಲಿ ನಿವಾಸಿ

ಅಕ್ಕಾ, ನಿಮ್ಮ ಮಾತು ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮ್ಮದಕ್ಕೆ ಬರಿದಾಗುವ ಭಾಗ್ಯವೇ ಬರಲಿಲ್ಲ. ಮೊದಲು ಕಂಪನಿಯ ಕಚೇರಿ, 1951ರಿಂದ ಮಧ್ಯ ರೈಲ್ವೆಯ ಮುಖ್ಯ ಕಚೇರಿ. ಕುರ್ಚಿಯಿಂದ ಒಬ್ಬ ಗುಮಾಸ್ತ ಎದ್ದರೆ ಇನ್ನೊಬ್ಬ ಕೂತ. ಈಗ 18 ಪ್ಲಾಟ್‌ಫಾರ್ಮುಗಳಿವೆ, ಅವುಗಳಲ್ಲಿ ಮೊದಲ ಏಳು ನಮ್ಮ ಲೋಕಲ್ ಗಾಡಿಗಳಿಗೆ. 2008ರ ನವೆಂಬರ್ 26ರ ರಾತ್ರಿ ಅಲ್ಲಿ 58 ಜನ ಸತ್ತರು. ನಾನು ಅಂದು ಎಂದಿನಂತೆ ಸಂಜೆಯ ಗಾಡಿಗೆ ಮನೆ ಸೇರಿದ್ದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮತ್ತೆ ಅದೇ ದಾರಿಯಲ್ಲಿ ನಡೆದೆವು, ಬೇರೆ ದಾರಿ ಇರಲಿಲ್ಲ.

ಕೋಲು ಹಿಡಿದು ಕೇಳಿದರೆ, ಆ ಕಟ್ಟಡವನ್ನು ಸವೆಸಿದವರು ನಾವೇ. ಕಂಬಕ್ಕೆ ಒರಗಿದವರು, ಮೂಲೆಯಲ್ಲಿ ಎಲೆಯಡಿಕೆ ಉಗಿದವರು, ಸಾಲಿನಲ್ಲಿ ನಿಂತು ಅಮೃತಶಿಲೆಯ ಮೇಲೆ ಬೆವರಿನ ಕೈ ಇಟ್ಟವರು. ಉಳಿಸಿದವರೂ ನಾವೇ ಇರಬೇಕು. ದಿನವೂ ಲಕ್ಷಾಂತರ ಜನಕ್ಕೆ ಬೇಕಾದದ್ದನ್ನು ಕೆಡವುವ ಧೈರ್ಯ ಯಾರಿಗಿದೆ?

ವೀಟಿಯ ಗಡಿಯಾರದ ಕೆಳಗೆ ಒಂದು ಗೂಡು ಖಾಲಿ ಇದೆ, ಗಮನಿಸಿದ್ದೀರಾ? ಅಲ್ಲಿ ರಾಣಿಯ ಮೂರ್ತಿ ಇತ್ತು, ಸ್ವಾತಂತ್ರ್ಯದ ನಂತರ ತೆಗೆದರು. ಅದರಲ್ಲಿ ಪಾರಿವಾಳಗಳು ಕೂತಿದ್ದವು. ಮೊಮ್ಮಗಳು ಅದನ್ನೇ ಚಿತ್ರ ಬರೆದಿದ್ದಾಳೆ, ಪಾರಿವಾಳಕ್ಕೊಂದು ಕಿರೀಟ ಇಟ್ಟು.

ಕುಮಟೆ ಹತ್ತಿ

ಆ ಪಾರಿವಾಳಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಡೊಂಬಿವಲಿ ನಿವಾಸಿ

ಕೊನೆಗೆ ಪ್ರಾಜೆಕ್ಟಿನ ಸುದ್ದಿ. ‘ಕಟ್ಟಿದವರು’ ಎಂಬ ಕಡೆ ಶಾಲೆಯವರು ಒಂದೇ ಒಂದು ಗೆರೆ ಬಿಟ್ಟಿದ್ದರು. ಸ್ಟೀವನ್ಸ್, ವೈದ್ಯ, ಜನಾರ್ದನ ಎಂದು ಬರೆದು, ಕಲಾಶಾಲೆಯ ಹುಡುಗರು ಎಂದು ಸೇರಿಸುವಷ್ಟರಲ್ಲಿ ಅಕ್ಷರಗಳು ಅಂಚು ದಾಟಿ ಪಕ್ಕದ ‘ಕಟ್ಟಿದ ವರ್ಷ’ದ ಜಾಗಕ್ಕೆ ನುಗ್ಗಿವೆ. ಅಳಿಸು ಎಂದೆ. ಆಗುವುದಿಲ್ಲ ಎಂದಳು. ಪಕ್ಕದ ಮನೆಯವರಿಗೂ ತೋರಿಸಿ ಬಂದಿದ್ದಾಳೆ. ಅವರು ಈಗ ರಾಜಾಬಾಯಿ ಗೋಪುರ ನೋಡಲು ಯಾವ ದಿನ ಹೋಗೋಣ ಎಂದು ಕೇಳುತ್ತಿದ್ದಾರೆ.

ಗದಗಿನ ಗಾಡಿ

ಮುಂದಿನ ವಾರ ನನ್ನ ಗಾಡಿ ವೀಟಿಗೆ ಬರುತ್ತದೆ ರಾಯರೇ. ಈ ಸಲ ಟ್ಯಾಕ್ಸಿ ಹಿಡಿದು ಓಡುವುದಿಲ್ಲ. ನೀವೂ ನಿಮ್ಮ ಪಕ್ಕದ ಮನೆಯವರೂ ಗೇಟಿನ ಹತ್ತಿರ ಬನ್ನಿ, ಮೂವರೂ ಸೇರಿ ಹೋಗೋಣ. ನಾನು ಹುಲಿಯ ಕೆಳಗೆ ನಿಂತಿರುತ್ತೇನೆ, ಸಿಂಹದ ಕೆಳಗೆ ಅಲ್ಲ. ನೋಡಿಕೊಂಡು ಬನ್ನಿ.